ಆ ಹುಡುಗನ ಉತ್ತರ ಬರೆಯಲು ಫಾರಂನಲ್ಲಿ ಜಾಗವೇ ಇರಲಿಲ್ಲ

ವೇಪಿಂಗ್ ಕುರಿತು ಒಂದು ಬಹಿರಂಗ ಪತ್ರ

ವೈದ್ಯಕೀಯ ಸಂಶೋಧನೆಗೆ ಹಣ ಮಂಜೂರು ಮಾಡುವವರಿಗೆ, ಅದಕ್ಕೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಗಳಿಗೆ, ಆರೋಗ್ಯ ಇಲಾಖೆಗಳನ್ನು ನಡೆಸುವ ಎಲ್ಲ ಹಿರಿಯರಿಗೆ,

ನಮಸ್ಕಾರ.

ನಾನು ಉಸಿರಾಟದ ಪರೀಕ್ಷೆ ಮಾಡುವ ಟೆಕ್ನೀಷಿಯನ್. ಮೂಗಿಗೆ ಕ್ಲಿಪ್ ಹಾಕಿ, ಬಾಯಿಗೆ ಕೊಳವೆ ಕೊಟ್ಟು, "ಪೂರ್ತಿ ಉಸಿರು ಎಳ್ಕೊಳ್ಳಿ, ಈಗ ಜೋರಾಗಿ ಊದಿ, ಊದಿ, ಇನ್ನೂ ಊದಿ" ಅಂತ ದಿನವಿಡೀ ಹೇಳುವುದು ನನ್ನ ಕೆಲಸ. ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಗೆ ಬಂತು, ಒಟ್ಟು ಎಷ್ಟು ಬಂತು ಅಂತ ಮೆಷಿನ್ ಲೆಕ್ಕ ಹಾಕುತ್ತದೆ. ಆ ಎರಡು ಸಂಖ್ಯೆಗಳಿಂದಲೇ ಡಾಕ್ಟರಿಗೆ ಎಷ್ಟೋ ವಿಷಯ ತಿಳಿಯುತ್ತದೆ.

ಪರೀಕ್ಷೆಗೆ ಮೊದಲು ಒಂದು ಫಾರಂ ತುಂಬಬೇಕು. ವಯಸ್ಸು, ಎತ್ತರ, ತೂಕ. ಆಮೇಲೆ ಧೂಮಪಾನದ ಕಾಲಂ. ಹೌದು, ಇಲ್ಲ, ಬಿಟ್ಟಿದ್ದೇನೆ. ಹೌದು ಅಂದರೆ ದಿನಕ್ಕೆ ಎಷ್ಟು, ಎಷ್ಟು ವರ್ಷದಿಂದ.

ಕೆಲವು ತಿಂಗಳ ಹಿಂದೆ ಒಬ್ಬ ಹುಡುಗ ಬಂದಿದ್ದ. ಇಪ್ಪತ್ತರ ಆಸುಪಾಸು. ಮೆಟ್ಟಿಲು ಹತ್ತಿದರೆ ಏದುಸಿರು, ಬಿಡದ ಒಣಕೆಮ್ಮು. ಸಿಗರೇಟ್ ಸೇದ್ತೀಯಾ ಅಂತ ಕೇಳಿದೆ. ಇಲ್ಲ ಅಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. 'ಇಲ್ಲ' ಎಂಬಲ್ಲಿ ಗುರುತು ಹಾಕಿದೆ. ಪರೀಕ್ಷೆ ಮುಗಿದು ಕ್ಲಿಪ್ ತೆಗೆಯುವಾಗ ಅವನೇ ಮೆಲ್ಲಗೆ ಕೇಳಿದ: "ವೇಪ್ ಮಾಡೋದೂ ಲೆಕ್ಕಕ್ಕೆ ಬರುತ್ತಾ?"

ವೇಪ್ ಅಂದರೆ ಇ-ಸಿಗರೇಟ್: ಬ್ಯಾಟರಿಯಿಂದ ಲಿಕ್ವಿಡ್ ಬಿಸಿ ಮಾಡಿ, ಬರುವ ಆವಿ ಎಳೆಯುವುದು. ಮೂರು ವರ್ಷದಿಂದ ಮಾಡುತ್ತಿದ್ದನಂತೆ. ದಿನಕ್ಕೆ ಎಷ್ಟು ಅಂದರೆ ಅವನಿಗೂ ಗೊತ್ತಿಲ್ಲ. ಬೆಳಿಗ್ಗೆ ಹಾಸಿಗೆಯಲ್ಲೇ ಶುರು. ರಾತ್ರಿ ನಿದ್ದೆ ಬರುವವರೆಗೂ ಕೈಯಲ್ಲೇ ಇರುತ್ತೆ. ನಾನು ಅದನ್ನು ಫಾರಂನ ಅಂಚಿನಲ್ಲಿ ಪೆನ್ನಿನಿಂದ ಬರೆದೆ. ಕಂಪ್ಯೂಟರಿಗೆ ಏರಿಸುವಾಗ ಅಂಚಿನ ಬರಹ ಹಾಕಲು ಜಾಗವಿರಲಿಲ್ಲ. ದಾಖಲೆಯಲ್ಲಿ ಇವತ್ತಿಗೂ ಅವನ ಹೆಸರಿನ ಮುಂದೆ 'ಧೂಮಪಾನ: ಇಲ್ಲ' ಅಂತಲೇ ಇದೆ.

ಅವನ ಕೆಮ್ಮಿಗೆ ವೇಪೇ ಕಾರಣ ಅಂತ ನಾನು ಹೇಳುತ್ತಿಲ್ಲ. ಹೇಳಲು ಆಗುವುದೂ ಇಲ್ಲ. ನನ್ನ ತಕರಾರು ಇರುವುದೇ ಅಲ್ಲಿ. ಕಾರಣ ಹೌದೋ ಅಲ್ಲವೋ ಅಂತ ಹೇಳಬೇಕಾದರೆ ಅವನಂಥ ಸಾವಿರಾರು ಜನರನ್ನು ವರ್ಷಗಟ್ಟಲೆ ಗಮನಿಸಿರಬೇಕು. ನಾವು ಇನ್ನೂ ಪ್ರಶ್ನೆಯನ್ನೇ ಸರಿಯಾಗಿ ಕೇಳುತ್ತಿಲ್ಲ.

ಸಿಗರೇಟಿಗೆ ಒಂದು ಅಳತೆ ಇದೆ. 'ಪ್ಯಾಕ್-ಇಯರ್' ಅನ್ನುತ್ತೇವೆ. ದಿನಕ್ಕೆ 20 ಸಿಗರೇಟಿನ ಒಂದು ಪ್ಯಾಕ್, ಒಂದು ವರ್ಷ ಸೇದಿದರೆ ಒಂದು ಪ್ಯಾಕ್-ಇಯರ್. ಅರ್ಧ ಪ್ಯಾಕಿನಂತೆ 40 ವರ್ಷ ಸೇದಿದವರಿಗೂ 20, ಎರಡು ಪ್ಯಾಕಿನಂತೆ 10 ವರ್ಷ ಸೇದಿದವರಿಗೂ 20. ಅಳತೆ ಸ್ವಲ್ಪ ಒರಟು, ನಿಜ. ಆದರೆ ಇದರ ಮೇಲೆ ಎಷ್ಟು ದೊಡ್ಡ ತೀರ್ಮಾನಗಳು ನಿಂತಿವೆ ನೋಡಿ. ಅಮೆರಿಕದಲ್ಲಿ 2021ರ ಶಿಫಾರಸಿನ ಪ್ರಕಾರ 50ರಿಂದ 80 ವರ್ಷದೊಳಗಿದ್ದು, 20 ಪ್ಯಾಕ್-ಇಯರ್ ಅಥವಾ ಹೆಚ್ಚು ಸೇದಿ, ಈಗಲೂ ಸೇದುತ್ತಿದ್ದರೆ ಅಥವಾ ಬಿಟ್ಟು 15 ವರ್ಷ ಆಗಿಲ್ಲದಿದ್ದರೆ, ಶ್ವಾಸಕೋಶದ ಕ್ಯಾನ್ಸರ್ ಇದೆಯಾ ಅಂತ ವರ್ಷಕ್ಕೊಮ್ಮೆ ಸಿಟಿ ಸ್ಕ್ಯಾನ್ ಮಾಡಿಸಬೇಕು. ಯಾರಿಗೆ ಸ್ಕ್ಯಾನ್ ಬೇಕು, ಯಾರಿಗೆ ಬೇಡ ಅನ್ನುವುದು ಆ ಒಂದು ಸಂಖ್ಯೆಯ ಮೇಲೆ ನಿಂತಿದೆ.

ವೇಪಿಂಗ್‌ಗೆ ಇಂಥ ಎಲ್ಲರೂ ಒಪ್ಪಿದ ಅಳತೆ ಇಲ್ಲ. ಒಬ್ಬರ ಲಿಕ್ವಿಡ್‌ನಲ್ಲಿ ಮಿಲಿಲೀಟರಿಗೆ 3 ಮಿಲಿಗ್ರಾಂ ನಿಕೋಟಿನ್ ಇರುತ್ತದೆ. ಇನ್ನೊಬ್ಬರದರಲ್ಲಿ 20 ಇರುತ್ತದೆ. ಯುರೋಪಿನ ಒಕ್ಕೂಟದಲ್ಲಿ 20ಕ್ಕಿಂತ ಜಾಸ್ತಿ ಮಾರುವಂತಿಲ್ಲ. 2015ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ, ಪೆನ್‌ಡ್ರೈವ್‌ನಂತೆ ಕಾಣುವ ಡಿವೈಸ್‌ನ ಪಾಡ್‌ನಲ್ಲಿ (ಲಿಕ್ವಿಡ್ ತುಂಬಿದ ಪುಟ್ಟ ಡಬ್ಬಿಯಲ್ಲಿ) 59 ಇತ್ತು. ಅಷ್ಟೊಂದು ನಿಕೋಟಿನ್ ಎಳೆದರೆ ಗಂಟಲು ಉರಿಯಬೇಕಿತ್ತು. ಆದರೆ ಅದಕ್ಕೆ ಬೆಂಜೋಯಿಕ್ ಆಮ್ಲ ಸೇರಿಸಿ 'ನಿಕೋಟಿನ್ ಸಾಲ್ಟ್' ಮಾಡಿದ್ದರು. ಗಂಟಲು ತಡೆಯುವುದಿಲ್ಲ, ನಿಕೋಟಿನ್ ಮಾತ್ರ ಸಲೀಸಾಗಿ ಒಳಗೆ ಹೋಗುತ್ತದೆ. ಇದರ ಮೇಲೆ ಬ್ಯಾಟರಿಯ ಪವರ್ ಎಷ್ಟು, ಲಿಕ್ವಿಡ್ ಬಿಸಿ ಮಾಡುವ ತಂತಿಸುರುಳಿ, ಅಂದರೆ ಕಾಯಿಲ್, ಯಾವ ಲೋಹದ್ದು, ಎಷ್ಟು ಹೊತ್ತು ಎಳೆಯುತ್ತಾರೆ, ಯಾವ ಫ್ಲೇವರ್ ಅನ್ನುವುದೆಲ್ಲ ಬೇರೆ. ಒಂದೇ ಲಿಕ್ವಿಡ್ ಎರಡು ಡಿವೈಸ್‌ಗಳಲ್ಲಿ ಎರಡು ಥರ ಆವಿ ಕೊಡುತ್ತದೆ. ಇದನ್ನೆಲ್ಲ 'ಹೌದು', 'ಇಲ್ಲ' ಅನ್ನುವ ಎರಡು ಚೌಕಗಳಲ್ಲಿ ಹೇಗೆ ತುಂಬಿಸಲಿ?

ಆವಿ ಅಂದೆ. ತುಂಬಾ ಜನ ಅದನ್ನು ನೀರಿನ ಆವಿ ಅಂದುಕೊಂಡಿದ್ದಾರೆ. ಅಲ್ಲ. ಲಿಕ್ವಿಡ್‌ನಲ್ಲಿ ಜಾಸ್ತಿ ಇರುವುದು ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್. ಅದಕ್ಕೆ ನಿಕೋಟಿನ್, ಪರಿಮಳದ ರಾಸಾಯನಿಕಗಳು. ಬಿಸಿ ಕಾಯಿಲ್‌ಗೆ ತಗುಲಿ ಇದು ತೀರಾ ಸಣ್ಣ ಹನಿಗಳ ಮೋಡವಾಗುತ್ತದೆ. ಅದನ್ನು ಒಳಗೆ ಎಳೆದುಕೊಳ್ಳುತ್ತಾರೆ. ಕಾಯಿಲ್ ಜಾಸ್ತಿ ಬಿಸಿಯಾದರೆ ಅದೇ ಗ್ಲಿಸರಿನ್, ಅದೇ ಗ್ಲೈಕಾಲ್ ಒಡೆದು ಫಾರ್ಮಾಲ್ಡಿಹೈಡ್, ಅಸಿಟಾಲ್ಡಿಹೈಡ್, ಅಕ್ರೋಲಿನ್ ಆಗುತ್ತವೆ. ಫಾರ್ಮಾಲ್ಡಿಹೈಡ್ ಕ್ಯಾನ್ಸರ್ ತರುವಂಥದ್ದು. ಅಕ್ರೋಲಿನ್ ಶ್ವಾಸನಾಳವನ್ನು ಕೆರಳಿಸುವಂಥದ್ದು. 2018ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 56 ಜನ ದಿನನಿತ್ಯ ಬಳಸುತ್ತಿದ್ದ ಡಿವೈಸ್‌ಗಳನ್ನೇ ತರಿಸಿ ಪರೀಕ್ಷಿಸಿದರು. ಬಾಟಲಿಯ ಲಿಕ್ವಿಡ್‌ಗಿಂತ ಕಾಯಿಲ್ ಮುಟ್ಟಿ ಬಂದ ಆವಿಯಲ್ಲಿ ಸೀಸ, ನಿಕಲ್, ಕ್ರೋಮಿಯಂ ಎಷ್ಟೋ ಜಾಸ್ತಿ ಇದ್ದವು. ಬಿಸಿ ಮಾಡುವ ತಂತಿಯಿಂದಲೇ ಲೋಹ ಬಿಟ್ಟುಕೊಳ್ಳುತ್ತಿತ್ತು.

ಫ್ಲೇವರ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. "ಇದರಲ್ಲಿರುವುದೆಲ್ಲ ಆಹಾರದಲ್ಲಿ ಬಳಸುವಂಥದ್ದೇ" ಅನ್ನುವ ಮಾತನ್ನು ರೋಗಿಗಳ ಬಾಯಲ್ಲಿ ನಾನು ಎಷ್ಟೋ ಸಲ ಕೇಳಿದ್ದೇನೆ. ತಿನ್ನಲು ಸುರಕ್ಷಿತ ಅನ್ನುವುದು ಬೇರೆ, ಉಸಿರಾಡಲು ಸುರಕ್ಷಿತ ಅನ್ನುವುದು ಬೇರೆ. ಹೊಟ್ಟೆಯಲ್ಲಿ ಆಮ್ಲವಿದೆ, ಆಮೇಲೆ ಯಕೃತ್ತು ಇದೆ. ಒಳಗೆ ಹೋದದ್ದನ್ನು ಕರಗಿಸಿ, ಸೋಸಿ, ಪಳಗಿಸುವ ಏರ್ಪಾಡು ಇದೆ. ಶ್ವಾಸಕೋಶದಲ್ಲಿ ಅಂಥದ್ದು ಕಡಿಮೆ. ಅಲ್ಲಿ ಕೋಟ್ಯಂತರ ಗಾಳಿಗೂಡುಗಳಿವೆ. ಅವುಗಳ ಗೋಡೆ ಎಷ್ಟು ತೆಳು ಅಂದರೆ ಅದರಾಚೆಗೇ ರಕ್ತ ಹರಿಯುತ್ತಿರುತ್ತದೆ. 2000ದಲ್ಲಿ ಅಮೆರಿಕದ ಮಿಸ್ಸೌರಿ ರಾಜ್ಯದ ಒಂದು ಪಾಪ್‌ಕಾರ್ನ್ ಫ್ಯಾಕ್ಟರಿಯ ಕೆಲಸಗಾರರ ಶ್ವಾಸನಾಳಗಳು ಗಾಯಗೊಂಡು ಮುಚ್ಚಿಹೋಗುತ್ತಿದ್ದದ್ದು ಬೆಳಕಿಗೆ ಬಂತು. ಬೆಣ್ಣೆಯ ಪರಿಮಳ ಕೊಡುವ ಡಯಾಸಿಟೈಲ್ ಎಂಬ ರಾಸಾಯನಿಕದ ಕಡೆಗೆ ಬೆರಳು ಹೋಯಿತು. ತಿಂದವರಿಗೆ ಏನೂ ಆಗಿರಲಿಲ್ಲ. ಉಸಿರಾಡಿದವರ ಶ್ವಾಸಕೋಶ ಹಾಳಾಗಿತ್ತು. 2015ರಲ್ಲಿ ಹಾರ್ವರ್ಡ್‌ನ ಸಂಶೋಧಕರು 51 ಫ್ಲೇವರ್‌ಗಳ ಇ-ಸಿಗರೇಟ್ ಪರೀಕ್ಷಿಸಿದಾಗ 39ರಲ್ಲಿ ಇದೇ ಡಯಾಸಿಟೈಲ್ ಸಿಕ್ಕಿತು.

ಇಲ್ಲಿ ನಾನು ಎಚ್ಚರದಿಂದ ಮಾತಾಡಬೇಕು. ಸಿಗರೇಟಿನ ಹೊಗೆಯಲ್ಲೂ ಡಯಾಸಿಟೈಲ್ ಇದೆ, ಅದೂ ಇದಕ್ಕಿಂತ ಜಾಸ್ತಿ. ವೇಪ್ ಮಾಡಿದವರೆಲ್ಲರಿಗೂ ಆ ಫ್ಯಾಕ್ಟರಿಯ ರೋಗ ಬರುತ್ತದೆ ಅಂತ ಹೆದರಿಸಲು ಆಧಾರವಿಲ್ಲ. ಒಂದು ರಾಸಾಯನಿಕ ಆವಿಯಲ್ಲಿ ಸಿಕ್ಕಿತು ಅನ್ನುವುದು ಒಂದು ವಿಷಯ. ಅದು ಇಷ್ಟು ಪ್ರಮಾಣದಲ್ಲಿ, ಇಷ್ಟು ವರ್ಷ ಒಳಗೆ ಹೋದರೆ ಮನುಷ್ಯನ ಶ್ವಾಸಕೋಶಕ್ಕೆ ಏನಾಗುತ್ತದೆ ಅನ್ನುವುದು ಇನ್ನೊಂದು. ಮೊದಲನೆಯದನ್ನು ಲ್ಯಾಬ್ ಹೇಳುತ್ತದೆ. ಎರಡನೆಯದನ್ನು ಹೇಳಲು ಮನುಷ್ಯರನ್ನೇ ನೋಡಬೇಕು, ವರ್ಷಗಟ್ಟಲೆ ನೋಡಬೇಕು. ಕ್ಲಿನಿಕಲ್ ಸಂಶೋಧನೆ ಅಂತ ನಾನು ಕೇಳುತ್ತಿರುವುದು ಈ ಎರಡನೆಯದನ್ನು.

ಇನ್ನೊಂದು ಕಡೆಯ ಸತ್ಯವನ್ನೂ ಮುಚ್ಚಿಡಬಾರದು. ಸಿಗರೇಟ್ ಬಿಡಲು ಇದು ಸಹಾಯ ಮಾಡುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇದೆ. ಇದನ್ನು ಈಗಿನ ರೂಪಕ್ಕೆ ತಂದ ಚೀನಾದ ಫಾರ್ಮಸಿಸ್ಟ್ ಹಾನ್ ಲಿಕ್ ಸ್ವತಃ ಸಿಗರೇಟ್ ಸೇದುತ್ತಿದ್ದವರು. ಅವರ ತಂದೆ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು. 2019ರಲ್ಲಿ ಬ್ರಿಟನ್ನಿನಲ್ಲಿ 886 ಜನರ ಮೇಲೆ ಒಂದು ಟ್ರಯಲ್ ನಡೆಯಿತು. ಒಂದು ಗುಂಪಿಗೆ ಇ-ಸಿಗರೇಟ್, ಇನ್ನೊಂದಕ್ಕೆ ನಿಕೋಟಿನ್ ಪ್ಯಾಚ್, ಗಮ್ ಇತ್ಯಾದಿ. ವರ್ಷದ ಕೊನೆಗೆ ಮೊದಲ ಗುಂಪಿನಲ್ಲಿ 100ಕ್ಕೆ 18 ಜನ ಸಿಗರೇಟ್ ಬಿಟ್ಟಿದ್ದರು, ಎರಡನೆಯದರಲ್ಲಿ ಸುಮಾರು 10. ಇದು ದೊಡ್ಡ ವ್ಯತ್ಯಾಸ. ಸೇದುವವರು ಪೂರ್ತಿ ವೇಪ್‌ಗೆ ಬದಲಾದರೆ ಮೂತ್ರದಲ್ಲಿ ಕ್ಯಾನ್ಸರ್‌ಕಾರಕಗಳ ಗುರುತು ಗಣನೀಯವಾಗಿ ಇಳಿಯುತ್ತದೆ ಅನ್ನುವುದೂ ಗೊತ್ತಾಗಿದೆ. ಸ್ಕಾಟ್ಲೆಂಡಿನ ಡಂಡೀ ನಗರದಲ್ಲಿ 114 ಜನರ ಮೇಲೆ ನಡೆದ ಅಧ್ಯಯನದಲ್ಲಿ, ಬದಲಾದ ಒಂದೇ ತಿಂಗಳಲ್ಲಿ ರಕ್ತನಾಳಗಳ ಕೆಲಸ ಸುಧಾರಿಸಿತ್ತು.

ಆದರೆ ಅದೇ 2019ರ ಟ್ರಯಲ್‌ನಲ್ಲಿ ಇನ್ನೊಂದು ಸಂಖ್ಯೆ ಇದೆ. ಸಿಗರೇಟ್ ಬಿಟ್ಟವರಲ್ಲಿ, ಇ-ಸಿಗರೇಟ್ ಗುಂಪಿನ 80% ಜನ ವರ್ಷವಾದ ಮೇಲೂ ಅದನ್ನೇ ಎಳೆಯುತ್ತಿದ್ದರು. ಪ್ಯಾಚ್, ಗಮ್ ಗುಂಪಿನಲ್ಲಿ ಅವನ್ನು ಇನ್ನೂ ಬಳಸುತ್ತಿದ್ದವರು 9%. 2024ರಲ್ಲಿ ಪ್ರಕಟವಾದ ಸ್ವಿಟ್ಜರ್ಲೆಂಡಿನ 1,246 ಜನರ ಟ್ರಯಲ್‌ನಲ್ಲೂ ಇದೇ ಕಥೆ. ವೇಪ್ ಕೊಟ್ಟವರಲ್ಲಿ ಸಿಗರೇಟ್ ಬಿಟ್ಟವರು ಜಾಸ್ತಿ, ಆದರೆ ನಿಕೋಟಿನ್‌ನಿಂದಲೇ ಬಿಡುಗಡೆಯಾದವರು ಕಡಿಮೆ: ವೇಪ್ ಕೊಟ್ಟ ಗುಂಪಿನಲ್ಲಿ 20%, ಕೊಡದ ಗುಂಪಿನಲ್ಲಿ 34%ರ ಹತ್ತಿರ. ಅಂದರೆ ಎಷ್ಟೋ ಜನ ಒಂದನ್ನು ಬಿಟ್ಟು ಇನ್ನೊಂದರಲ್ಲಿ ಉಳಿದುಬಿಟ್ಟರು. ಅವರು ಇನ್ನು ಹತ್ತು, ಇಪ್ಪತ್ತು ವರ್ಷ ಎಳೆದರೆ ಏನಾಗುತ್ತದೆ? ಈ ವಿಷಯದ ಎಲ್ಲ ಟ್ರಯಲ್‌ಗಳನ್ನು ಒಟ್ಟುಗೂಡಿಸಿ ನೋಡುವ ಕಾಕ್ರೇನ್ ವಿಮರ್ಶೆ ಗಂಭೀರ ಹಾನಿಯ ಸ್ಪಷ್ಟ ಸುಳಿವು ಸಿಕ್ಕಿಲ್ಲ ಅನ್ನುತ್ತದೆ. ಅದರ ಜೊತೆಗೇ, ಜನರನ್ನು ಗಮನಿಸಿದ ಅತಿ ದೀರ್ಘ ಅವಧಿ ಎರಡು ವರ್ಷ ಅಂತಲೂ ಹೇಳುತ್ತದೆ. ಎರಡು ವರ್ಷ ಸಿಗರೇಟ್ ಸೇದಿದವರನ್ನು ನೋಡಿದ್ದರೆ ನಮಗೆ ಶ್ವಾಸಕೋಶದ ಕ್ಯಾನ್ಸರ್ ಕಾಣುತ್ತಿತ್ತಾ?

ಇಲ್ಲಿ ನನಗೆ ತುಂಬಾ ಮುಖ್ಯ ಅನಿಸುವ ಒಂದು ಮಾತಿದೆ. ಈ ಚರ್ಚೆಯಲ್ಲಿ ಯಾವಾಗಲೂ ಕೇಳುವುದು ಒಂದೇ ಪ್ರಶ್ನೆ: "ಸಿಗರೇಟಿಗಿಂತ ಕಡಿಮೆ ಹಾನಿ, ಅಲ್ವಾ?" ಮೂವತ್ತು ವರ್ಷ ಸೇದಿ ಬಂದವರಿಗೆ ಇದು ಸರಿಯಾದ ಪ್ರಶ್ನೆ. ಆದರೆ ನನ್ನ ಮುಂದೆ ಕೂತಿದ್ದ ಆ ಹುಡುಗ ಸಿಗರೇಟ್ ಮುಟ್ಟಿದವನೇ ಅಲ್ಲ. ಅವನನ್ನು ಹೋಲಿಸಬೇಕಾದದ್ದು ಸಿಗರೇಟಿನ ಹೊಗೆಯ ಜೊತೆ ಅಲ್ಲ, ಬರೀ ಗಾಳಿಯ ಜೊತೆ. ಇಡೀ ಅಧ್ಯಯನಗಳ ರಾಶಿಯಲ್ಲಿ ಅವನಂಥವರ ಪಾಲು ಸಣ್ಣದು. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಕೊಟ್ಟ ಅಂದಾಜಿನಂತೆ ಜಗತ್ತಿನಲ್ಲಿ 10 ಕೋಟಿಗೂ ಹೆಚ್ಚು ಜನ ವೇಪ್ ಮಾಡುತ್ತಾರೆ. ಅವರಲ್ಲಿ 13ರಿಂದ 15 ವರ್ಷದ ಮಕ್ಕಳೇ ಕನಿಷ್ಠ 1.5 ಕೋಟಿ. ಮೆದುಳು ಇಪ್ಪತ್ತೈದರ ಹತ್ತಿರದವರೆಗೂ ಬೆಳೆಯುತ್ತಿರುತ್ತದೆ. ಆ ವಯಸ್ಸಿನಲ್ಲಿ ನಿಕೋಟಿನ್ ಬಿದ್ದರೆ ಚಟ ಬೇಗ ಅಂಟಿಕೊಳ್ಳುತ್ತದೆ. ಗಮನ, ಕಲಿಕೆಯ ಮೇಲೂ ಪರಿಣಾಮ ಆಗುತ್ತದೆ. ಅಮೆರಿಕದಲ್ಲಿ 2017ರಲ್ಲಿ ಹೈಸ್ಕೂಲ್ ಮಕ್ಕಳಲ್ಲಿ 11.7% ಜನ ವೇಪ್ ಮಾಡುತ್ತಿದ್ದರು. ಎರಡೇ ವರ್ಷದಲ್ಲಿ, 2019ಕ್ಕೆ, ಅದು 27.5% ಆಯಿತು. ಆಮೇಲೆ ಇಳಿದು 2024ಕ್ಕೆ 7.8%ಕ್ಕೆ ಬಂದಿದೆ, ಅದು ಸಂತೋಷವೇ. ಆದರೆ 2019ರಲ್ಲಿ ಎಳೆಯುತ್ತಿದ್ದ ಆ ಮಕ್ಕಳು ಈಗ ಎಲ್ಲಿದ್ದಾರೆ? ಎಷ್ಟು ಜನ ಬಿಟ್ಟರು? ಅವರ ಶ್ವಾಸಕೋಶ ಹೇಗಿದೆ? ಅವರಲ್ಲಿ ಎಷ್ಟು ಜನರ ಆಸ್ಪತ್ರೆಯ ದಾಖಲೆಯಲ್ಲಿ 'ಧೂಮಪಾನ: ಇಲ್ಲ' ಅಂತ ಇದೆಯೋ.

ಅರೆಬರೆ ಅಧ್ಯಯನ ಎಷ್ಟು ಹಾನಿ ಮಾಡುತ್ತದೆ ಅನ್ನುವುದಕ್ಕೂ ಎರಡು ಉದಾಹರಣೆ ಹೇಳುತ್ತೇನೆ. 2015ರಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ವೇಪಿಂಗ್ ಸಿಗರೇಟಿಗಿಂತ 95% ಕಡಿಮೆ ಹಾನಿಕರ ಅಂದಿತು. ಆ ಸಂಖ್ಯೆ ಜಗತ್ತೆಲ್ಲ ಸುತ್ತಿತು. ಅದಕ್ಕೆ ಮುಖ್ಯ ಆಧಾರ 2014ರಲ್ಲಿ ಹನ್ನೆರಡು ತಜ್ಞರು ಕೂತು ಅಂಕ ಹಾಕಿ ಕೊಟ್ಟ ಅಂದಾಜು. ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿ ಬಂದ ಸಂಖ್ಯೆ ಅದಲ್ಲ. ಲ್ಯಾನ್ಸೆಟ್ ಪತ್ರಿಕೆ ಆಗಲೇ ಆಕ್ಷೇಪ ಎತ್ತಿತ್ತು. ಇನ್ನೊಂದು ತುದಿಯಲ್ಲಿ, 2019ರಲ್ಲಿ ಹೃದ್ರೋಗದ ಪತ್ರಿಕೆಯೊಂದರಲ್ಲಿ ವೇಪಿಂಗ್‌ಗೂ ಹೃದಯಾಘಾತಕ್ಕೂ ಸಂಬಂಧವಿದೆ ಅನ್ನುವ ಲೇಖನ ಬಂತು. ಮುಂದಿನ ವರ್ಷವೇ ಅದನ್ನು ಪತ್ರಿಕೆ ವಾಪಸ್ ತೆಗೆದುಕೊಂಡಿತು. ಯಾಕೆಂದರೆ ಹೃದಯಾಘಾತ ಮೊದಲು ಆಯಿತಾ, ವೇಪಿಂಗ್ ಮೊದಲು ಶುರುವಾಯಿತಾ ಅಂತಲೇ ಆ ಲೆಕ್ಕದಲ್ಲಿ ಖಚಿತವಿರಲಿಲ್ಲ. ನಿಕೋಟಿನ್ ಎದೆಬಡಿತ ಹೆಚ್ಚಿಸುತ್ತದೆ, ಬಿಪಿ ಏರಿಸುತ್ತದೆ ಅನ್ನುವುದು ಗೊತ್ತಿರುವ ಸಂಗತಿ. ಹಾಗಾಗಿ ಹೃದಯದ ಬಗ್ಗೆ ಚಿಂತೆ ನಿಜವಾದದ್ದೇ. ಆದರೆ ಆ ಒಂದು ಲೇಖನ ಬಿದ್ದ ಮೇಲೆ ಜನ "ನೋಡಿ, ಎಲ್ಲಾ ಸುಮ್ನೆ ಹೆದರಿಸೋದು" ಅನ್ನತೊಡಗಿದರು. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದಕ್ಕೆ ದಿನಾಂಕ ಬರೆದಿಟ್ಟ ದಾಖಲೆ ಬೇಕು. ಅದು ಫಾರಂನಿಂದಲೇ ಶುರುವಾಗಬೇಕು.

ಸರಿಯಾಗಿ ಕೇಳಿದರೆ, ಸರಿಯಾಗಿ ಬರೆದರೆ ಎಷ್ಟು ಬೇಗ ಸತ್ಯ ಸಿಗುತ್ತದೆ ಅನ್ನುವುದಕ್ಕೂ 2019ರದ್ದೇ ಉದಾಹರಣೆ ಇದೆ. ಆ ಬೇಸಿಗೆಯಲ್ಲಿ ಅಮೆರಿಕದ ಆಸ್ಪತ್ರೆಗಳಿಗೆ ಗಟ್ಟಿಮುಟ್ಟಾದ ಹುಡುಗ ಹುಡುಗಿಯರು ಉಸಿರಾಡಲಾಗದೆ ಬರತೊಡಗಿದರು. ಕೆಮ್ಮು, ಜ್ವರ, ವಾಂತಿ. ನ್ಯುಮೋನಿಯಾ ಅಂತ ಆಂಟಿಬಯೋಟಿಕ್ ಕೊಟ್ಟರೂ ಇಳಿಯಲಿಲ್ಲ. ಕೆಲವು ಡಾಕ್ಟರುಗಳು ಬಿಡದೆ ಕೂತು ಕೇಳಿದರು. ಆಗ ಎಲ್ಲರೂ ವೇಪ್ ಮಾಡುವವರು ಅಂತ ತಿಳಿಯಿತು. 2020ರ ಫೆಬ್ರವರಿ ಹೊತ್ತಿಗೆ 2,807 ಪ್ರಕರಣಗಳು, 68 ಸಾವು. ರೋಗಿಗಳ ಶ್ವಾಸಕೋಶ ತೊಳೆದು ತೆಗೆದ ದ್ರವವನ್ನು ಪರೀಕ್ಷಿಸಿದರು. 51 ರೋಗಿಗಳಲ್ಲಿ 48 ಜನರ ದ್ರವದಲ್ಲಿ ವಿಟಮಿನ್ ಇ ಅಸಿಟೇಟ್ ಸಿಕ್ಕಿತು. ಹೋಲಿಕೆಗೆ ತೆಗೆದುಕೊಂಡ 99 ಆರೋಗ್ಯವಂತರಲ್ಲಿ ಒಬ್ಬರಲ್ಲೂ ಇರಲಿಲ್ಲ. ಗಾಂಜಾದ ಅಂಶವಾದ ಟಿಎಚ್‌ಸಿ ಎಣ್ಣೆಯನ್ನು ತೆಳು ಮಾಡಲು ಕಳ್ಳಮಾರ್ಗದ ಮಾರಾಟಗಾರರು ಬೆರೆಸುತ್ತಿದ್ದ ವಸ್ತು ಅದು. ಚರ್ಮಕ್ಕೆ ಹಚ್ಚಿದರೆ, ಮಾತ್ರೆಯಾಗಿ ನುಂಗಿದರೆ ತೊಂದರೆ ಕೊಡದ ವಸ್ತು, ಶ್ವಾಸಕೋಶಕ್ಕೆ ಹೋದಾಗ ಪ್ರಾಣ ತೆಗೆಯಿತು. ಕಾರಣ ತಿಳಿದ ಮೇಲೆ ಎಚ್ಚರಿಕೆಯನ್ನು ಗುರಿಯಿಟ್ಟು ಕೊಡಲು ಆಯಿತು.

ಇದರಲ್ಲಿ ನನ್ನನ್ನು ಕಾಡುವ ಸಣ್ಣ ಸಂಗತಿ ಒಂದಿದೆ. ಆ ರೋಗಿಗಳು ಬರಲು ಶುರುವಾದಾಗ ಆ ರೋಗಕ್ಕೆ ದಾಖಲೆಯಲ್ಲಿ ಹಾಕಲು ಒಂದು ಕೋಡ್ ಕೂಡ ಇರಲಿಲ್ಲ. ಅಮೆರಿಕದ ಆಸ್ಪತ್ರೆಗಳು ಅದಕ್ಕೆಂದೇ ಇರುವ ಕೋಡ್ ಬಳಸತೊಡಗಿದ್ದು 2020ರ ಏಪ್ರಿಲ್‌ನಿಂದ. ಹಾಗಾದರೆ ಅದಕ್ಕೆ ಮುಂಚೆ ಬಂದು ಹೋದವರಲ್ಲಿ ಎಷ್ಟು ಜನ ಸಾದಾ ನ್ಯುಮೋನಿಯಾ ಅಂತ ಎಣಿಕೆಯಾಗಿಹೋದರೋ, ಅಂಚಿನಲ್ಲಿ ಬರೆದಿಟ್ಟ ಕೈಬರಹಗಳಲ್ಲೇ ಉಳಿದುಹೋದರೋ.

ಸಿಗರೇಟಿನ ವಿಷಯದಲ್ಲಿ ನಾವು ತಡಮಾಡಿದೆವು. ಮೆಷಿನ್‌ನಲ್ಲಿ ಸುತ್ತಿದ ಸಿಗರೇಟ್ ಬಂದದ್ದು 1880ರ ದಶಕದಲ್ಲಿ. ಅದು ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ ಅನ್ನುವ ದೊಡ್ಡ ಅಧ್ಯಯನಗಳು ಬಂದದ್ದು 1950ರಲ್ಲಿ. ಮರುವರ್ಷ ಬ್ರಿಟನ್ನಿನಲ್ಲಿ ರಿಚರ್ಡ್ ಡಾಲ್ ಮತ್ತು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಒಂದು ಸರಳ ಕೆಲಸ ಮಾಡಿದರು. ದೇಶದ ಡಾಕ್ಟರುಗಳಿಗೆಲ್ಲ ಒಂದು ಪತ್ರ ಕಳಿಸಿ, ನೀವು ಸೇದುತ್ತೀರಾ, ಎಷ್ಟು ಸೇದುತ್ತೀರಿ ಅಂತ ಕೇಳಿದರು. ಕೆಲವೇ ಪ್ರಶ್ನೆಗಳ ಪುಟ್ಟ ಫಾರಂ. ಸುಮಾರು 40,000 ಡಾಕ್ಟರುಗಳು ಉತ್ತರ ಬರೆದರು. ಅವರಲ್ಲಿ ಗಂಡಸರನ್ನು 50 ವರ್ಷ ಗಮನಿಸಿದರು. 2004ರಲ್ಲಿ ಬಂದ ಕೊನೆಯ ಲೆಕ್ಕದಲ್ಲಿ, ಜೀವನವಿಡೀ ಸೇದಿದವರು ಸೇದದವರಿಗಿಂತ ಸರಾಸರಿ 10 ವರ್ಷ ಮೊದಲೇ ಸಾಯುತ್ತಾರೆ ಅಂತ ಗೊತ್ತಾಯಿತು. ಮೂವತ್ತರಲ್ಲಿ ಬಿಟ್ಟರೆ ಆ ಹತ್ತು ವರ್ಷ ಹೆಚ್ಚುಕಡಿಮೆ ಪೂರ್ತಿ ವಾಪಸ್ ಸಿಗುತ್ತದೆ ಅಂತಲೂ ಗೊತ್ತಾಯಿತು. ಅದಕ್ಕೆ ದುಬಾರಿ ಮೆಷಿನ್ ಬೇಕಾಗಲಿಲ್ಲ. ಒಂದು ಪ್ರಶ್ನೆ, ಮತ್ತು ಐವತ್ತು ವರ್ಷದ ತಾಳ್ಮೆ ಬೇಕಾಯಿತು.

ಅದೇ ಹೊತ್ತಿನಲ್ಲಿ, 1954ರ ಜನವರಿ 4ರಂದು, ಅಮೆರಿಕದ ತಂಬಾಕು ಕಂಪನಿಗಳು 400ಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಪೂರ್ತಿ ಪುಟದ ಜಾಹೀರಾತು ಕೊಟ್ಟವು. ಜನರ ಆರೋಗ್ಯ ನಮ್ಮ ಜವಾಬ್ದಾರಿ, ಸಂಶೋಧನೆಗೆ ನಾವೇ ಹಣ ಕೊಡುತ್ತೇವೆ ಅಂದವು. ಆ ಸಂಶೋಧನೆಯ ಹೆಸರಿನಲ್ಲಿ ದಶಕಗಟ್ಟಲೆ ಗೊಂದಲ ಹಬ್ಬಿಸಿದವು. 2006ರಲ್ಲಿ ಅಲ್ಲಿನ ಕೋರ್ಟೇ ಅವು ಜನರನ್ನು ವಂಚಿಸಿದವು ಅಂತ ತೀರ್ಪು ಕೊಟ್ಟಿತು. ಹಾಗಾಗಿ ವೇಪಿಂಗ್ ಬಗ್ಗೆ ಅಧ್ಯಯನಕ್ಕೆ ಹಣ ಎಲ್ಲಿಂದ ಬರಬೇಕು ಅನ್ನುವ ವಿಷಯದಲ್ಲಿ ನನಗೆ ಗೊಂದಲವಿಲ್ಲ. ಅದನ್ನು ಮಾರುವವರಿಂದ ಬರಬಾರದು. ಬಂದರೂ ಏನು ಕೇಳಬೇಕು, ಏನು ಪ್ರಕಟಿಸಬೇಕು ಅನ್ನುವುದು ಅವರ ಕೈಯಲ್ಲಿ ಇರಬಾರದು. ಅಧ್ಯಯನ ಶುರುವಾಗುವ ಮೊದಲೇ ಏನು ಅಳೆಯುತ್ತೇವೆ ಅಂತ ನೋಂದಾಯಿಸಬೇಕು. ಫಲಿತಾಂಶ ಯಾವ ಕಡೆ ಬಂದರೂ ಹೊರಗೆ ಬರಬೇಕು.

ಈಗ ನಿಮ್ಮನ್ನು ಕೇಳುವುದನ್ನು ನೇರವಾಗಿ ಕೇಳುತ್ತೇನೆ. ಎಲ್ಲಕ್ಕೂ ಮೊದಲು ಆ ಕಾಲಂ ಕೊಡಿ. ಪ್ರತಿ ಆಸ್ಪತ್ರೆಯ ಫಾರಂನಲ್ಲೂ ವೇಪಿಂಗ್ ಬಗ್ಗೆ ಪ್ರತ್ಯೇಕ ಪ್ರಶ್ನೆ ಇರಲಿ. ಯಾವಾಗ ಶುರು, ವಾರಕ್ಕೆ ಎಷ್ಟು ಲಿಕ್ವಿಡ್ ಅಥವಾ ಎಷ್ಟು ಪಾಡ್, ನಿಕೋಟಿನ್ ಎಷ್ಟು, ಟಿಎಚ್‌ಸಿ ಇದೆಯಾ, ಮೊದಲು ಸಿಗರೇಟ್ ಸೇದುತ್ತಿದ್ದರಾ, ಈಗಲೂ ಎರಡೂ ಮಾಡುತ್ತಾರಾ. ಎರಡೂ ಮಾಡುವವರು ತುಂಬಾ ಜನ ಇದ್ದಾರೆ. ಅವರಿಗೆ ಹಾನಿ ಕಡಿಮೆಯಾಗುತ್ತಿದೆಯೋ ಅಥವಾ ಒಂದರ ಮೇಲೊಂದು ಕೂಡುತ್ತಿದೆಯೋ ಅನ್ನುವುದು ಈಗ ತುರ್ತಾಗಿ ಬೇಕಾದ ಉತ್ತರ. ಹಲವು ದೇಶಗಳು ಇದನ್ನು ನಿಷೇಧಿಸಿವೆ. ನಿಷೇಧವಿರುವ ಕಡೆ ರೋಗಿ ಹೆದರಿ ಬಾಯಿ ಬಿಡುವುದಿಲ್ಲ. ಹಾಗಾಗಿ ಅಲ್ಲಿ ಹೇಳಿದವರ ಗುಟ್ಟು ಕಾಯುವ ಭರವಸೆಯೂ ಫಾರಂನಲ್ಲಿ ಬರೆದಿರಬೇಕು. ತಜ್ಞರು ಕೂತು ಪ್ಯಾಕ್-ಇಯರ್‌ನಂಥ ಒಂದು ಅಳತೆಯನ್ನೂ ಮಾಡಿಕೊಡಬೇಕು. ಒರಟಾಗಿದ್ದರೂ ಪರವಾಗಿಲ್ಲ, ಎಲ್ಲರೂ ಒಂದನ್ನೇ ಬಳಸಿದರೆ ಸಾಕು.

ಅದರ ಮೇಲೆ ದೀರ್ಘ ಅಧ್ಯಯನ ಕಟ್ಟಿ. ಸಿಗರೇಟ್ ಸೇದದವರಿಗೆ ವೇಪ್ ಕೊಟ್ಟು ಟ್ರಯಲ್ ಮಾಡಲು ಯಾವ ಎಥಿಕ್ಸ್ ಕಮಿಟಿಯೂ ಒಪ್ಪಬಾರದು, ನಾನೂ ಅದನ್ನು ಕೇಳುತ್ತಿಲ್ಲ. ಆದರೆ ಈಗಾಗಲೇ ಮಾಡುತ್ತಿರುವವರನ್ನು ಗಮನಿಸಲು ಯಾವ ಅಡ್ಡಿಯೂ ಇಲ್ಲ. ವರ್ಷಕ್ಕೊಮ್ಮೆ ನನ್ನಂಥವರ ಹತ್ತಿರ ಬಂದು ಊದಲಿ. ರಕ್ತ, ಮೂತ್ರ ಪರೀಕ್ಷೆ ಆಗಲಿ. ಅಮೆರಿಕದಲ್ಲಿ 2013ರಿಂದ ಸುಮಾರು 46,000 ಜನರನ್ನು ಹಿಡಿದು ತಂಬಾಕು ಬಳಕೆಯ ಇಂಥದ್ದೊಂದು ಅಧ್ಯಯನ ಶುರುವಾಯಿತು. ಒಂದು ದೇಶದ್ದು ಸಾಲದು. ಡಿವೈಸ್ ಬೇರೆ, ಲಿಕ್ವಿಡ್ ಬೇರೆ, ಜನ ಬೇರೆ. ಐದು ವರ್ಷದ ಅನುದಾನ ಮುಗಿದ ತಕ್ಷಣ ನಿಲ್ಲಿಸುವ ಅಧ್ಯಯನವೂ ಬೇಡ. ಶ್ವಾಸಕೋಶದ ಕ್ಯಾನ್ಸರ್ ಕಾಣಿಸಿಕೊಳ್ಳಲು ದಶಕಗಳೇ ಬೇಕು, ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಕಾಯಿಲೆ ಸಿಒಪಿಡಿಯೂ ಹಾಗೆಯೇ. ಉಬ್ಬಸ ಇರುವವರನ್ನು, ಬಸುರಿಯರನ್ನು ಅಧ್ಯಯನದಿಂದ ಹೊರಗಿಡಬೇಡಿ. ಅಪಾಯ ಜಾಸ್ತಿ ಇರಬಹುದಾದವರ ಬಗ್ಗೆಯೇ ಮಾಹಿತಿ ಕಡಿಮೆ ಆಗಬಾರದು.

ಬಿಡಲು ಬಯಸುವವರಿಗೆ ಚಿಕಿತ್ಸೆಯ ಟ್ರಯಲ್‌ಗಳಿಗೂ ಹಣ ಬೇಕು. ಇದು ತುಂಬಾ ತಡವಾಗಿ ಶುರುವಾಗಿದೆ, ಆದರೆ ಶುರುವಾಗಿದೆ. 2025ರಲ್ಲಿ ಬಂದ ಒಂದು ಟ್ರಯಲ್ ನೋಡಿ ನನಗೆ ನಿಜಕ್ಕೂ ಖುಷಿಯಾಯಿತು. 16ರಿಂದ 25 ವರ್ಷದ 261 ಜನ. ಸಿಗರೇಟ್ ಬಿಡಿಸಲು ಮೊದಲಿನಿಂದ ಇರುವ ವರೆನಿಕ್ಲಿನ್ ಮಾತ್ರೆ ತೆಗೆದುಕೊಂಡವರಲ್ಲಿ 12 ವಾರಕ್ಕೆ 51% ಜನ ವೇಪ್ ಬಿಟ್ಟಿದ್ದರು. ಡಮ್ಮಿ ಮಾತ್ರೆಯವರಲ್ಲಿ 14%. ಅದಕ್ಕೂ ಮೊದಲು, 2021ರಲ್ಲಿ, ಮೊಬೈಲಿಗೆ ಮೆಸೇಜ್ ಕಳಿಸುವ ಒಂದು ಸರಳ ಕಾರ್ಯಕ್ರಮದಿಂದಲೂ ಯುವಜನರಲ್ಲಿ ಬಿಟ್ಟವರ ಪಾಲು 18.6%ರಿಂದ 24.1%ಕ್ಕೆ ಏರಿತ್ತು. ಅಂದರೆ ಕೇಳಿದರೆ ದಾರಿ ಸಿಗುತ್ತದೆ. ಆ ಹುಡುಗ ಹೋಗುವಾಗ "ಬಿಡಬೇಕು ಅಂತಿದೆ, ಹೇಗೆ ಬಿಡೋದು?" ಅಂದ. ಅವನ ಕೈಗೆ ಕೊಡಲು ನನ್ನ ಹತ್ತಿರ ಇದ್ದದ್ದು ಸಿಗರೇಟ್ ಬಿಡುವ ಬಗ್ಗೆ ಒಂದು ಹಾಳೆ ಮಾತ್ರ. ಅದನ್ನೇ ಕೊಟ್ಟೆ.

ಈ ಪತ್ರ ಓದುವ ಬೇರೆಯವರಿಗೂ ಒಂದು ಮಾತು. ಸಿಗರೇಟ್ ಬಿಟ್ಟು ಪೂರ್ತಿ ಇದಕ್ಕೆ ಬಂದವರು, ನನ್ನ ಪತ್ರ ಓದಿ ದಯವಿಟ್ಟು ವಾಪಸ್ ಸಿಗರೇಟಿಗೆ ಹೋಗಬೇಡಿ. ಅದು ಕೊಲ್ಲುತ್ತದೆ ಅನ್ನುವುದರಲ್ಲಿ ಎರಡು ಮಾತಿಲ್ಲ. ಡಾಕ್ಟರ ಜೊತೆ ಮಾತಾಡಿ, ಮುಂದೆ ಇದನ್ನೂ ಬಿಡುವ ದಾರಿ ನೋಡಿ. ಯಾವುದನ್ನೂ ಮುಟ್ಟದವರು ಇದನ್ನೂ ಮುಟ್ಟಬೇಡಿ. ಲಿಕ್ವಿಡ್ ಬಾಟಲಿ ಪುಟ್ಟ ಮಕ್ಕಳ ಕೈಗೆ ಸಿಗದಂತೆ ಇಡಿ, ನಿಕೋಟಿನ್ ನುಂಗಿದರೆ ವಿಷ. ಮತ್ತೆ, ಉಸಿರಾಟದ ಪರೀಕ್ಷೆಗೆ ಹೋದಾಗ ಕೇಳದಿದ್ದರೂ ಹೇಳಿ. ನಾಚಿಕೆ ಬೇಡ.

ಮಾನ್ಯರೇ, ಹಣ ಎಲ್ಲಿದೆ, ಜನ ಎಲ್ಲಿದ್ದಾರೆ ಅಂತ ನೀವು ಕೇಳಬಹುದು. ಉಸಿರಾಟ ಅಳೆಯುವ ಮೆಷಿನ್‌ಗಳು ಆಸ್ಪತ್ರೆಗಳಲ್ಲಿ ಈಗಾಗಲೇ ಇವೆ. ಅವನ್ನು ನಡೆಸುವ ನನ್ನಂಥವರು ಸಾವಿರಾರು ಜನ ಇದ್ದೇವೆ. ನೀವು ಅಧ್ಯಯನ ಶುರು ಮಾಡಿದರೆ ನನ್ನ ರಜಾದಿನಗಳನ್ನು ಅದಕ್ಕೆ ಕೊಡಲು ನಾನು ಸಿದ್ಧ, ನನ್ನ ಜೊತೆ ಕೆಲಸ ಮಾಡುವ ಇನ್ನೂ ಇಬ್ಬರು ಒಪ್ಪಿದ್ದಾರೆ. ಆ ಹುಡುಗ ಮುಂದಿನ ತಿಂಗಳು ಮತ್ತೆ ಪರೀಕ್ಷೆಗೆ ಬರುತ್ತಾನೆ. ಅವನು ಒಪ್ಪಿದರೆ ಮೊದಲ ಹೆಸರು ಅವನದೇ ಬರೆದುಕೊಳ್ಳಿ.

ಇಂತಿ ನಿಮ್ಮ ವಿಶ್ವಾಸಿ,
ಉಸಿರಾಟದ ಪರೀಕ್ಷೆ ಮಾಡುವ ಒಬ್ಬ ಟೆಕ್ನೀಷಿಯನ್